ಅಪ್‌ಗ್ರೇಡ್ ಅರ್ಧದಲ್ಲಿ ಕರೆಂಟ್ ಹೋಯಿತು, ಲ್ಯಾಪ್‌ಟಾಪ್ ಏಳುತ್ತಿಲ್ಲ. ಅಪ್ಪನ ಮಳೆ ಲೆಕ್ಕ ಒಳಗಿದೆ

ನಗರದ_ತೋಟ · ಶುಕ್ರವಾರ ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲ್ಲೂಕು, ನಗರದ ಹತ್ತಿರ ನಮ್ಮ ಮನೆ. ಮೊಬೈಲ್‌ನಿಂದ ಬರೆಯುತ್ತಿದ್ದೇನೆ, ಅದಕ್ಕೆ ಕಂಪ್ಯೂಟರ್ ಮಾತುಗಳನ್ನೂ ಕನ್ನಡದಲ್ಲೇ ಹಾಕುತ್ತೇನೆ. ನೀವೂ ಹಾಗೇ ಬರೆದರೆ ಓದಿಕೊಂಡು ಟೈಪ್ ಮಾಡುತ್ತೇನೆ.

ಹಳೇ ಲ್ಯಾಪ್‌ಟಾಪ್. ವಿಂಡೋಸ್ ಥರದ್ದೇ ಉಬುಂಟು ಲಿನಕ್ಸ್, 22.04ನೇ ಆವೃತ್ತಿ ಇತ್ತು. 24.04ಕ್ಕೆ ಹೋಗಿ ಅಂತ ತುಂಬಾ ದಿನದಿಂದ ಕೇಳುತ್ತಿತ್ತು. ನಿನ್ನೆ ರಾತ್ರಿ ಮಳೆ ಸ್ವಲ್ಪ ಬಿಟ್ಟಿತ್ತು, ಕರೆಂಟೂ ಇತ್ತು, ಸರಿ ಅಂತ ಶುರು ಮಾಡಿದೆ. ಡೌನ್‌ಲೋಡ್ ಮುಗಿದು ಇನ್‌ಸ್ಟಾಲ್ ಅರ್ಧ ಆಗಿತ್ತು. ಕರೆಂಟ್ ಹೋಯಿತು. ಎರಡು ದಿನದಿಂದ ಇನ್ವರ್ಟರ್‌ಗೆ ಸರಿಯಾಗಿ ಚಾರ್ಜ್ ಆಗಿರಲಿಲ್ಲ, ಅದೂ ಕೂಗಿ ನಿಂತಿತು. ಲ್ಯಾಪ್‌ಟಾಪ್ ಬ್ಯಾಟರಿ ಸತ್ತು ವರ್ಷವಾಗಿದೆ.

ಈಗ ಆನ್ ಮಾಡಿದರೆ ಕಪ್ಪು ಪರದೆ. ಕೊನೆಯ ಸಾಲು ಹೀಗಿದೆ: ಕರ್ನಲ್ ಪ್ಯಾನಿಕ್, ನಾಟ್ ಸಿಂಕಿಂಗ್, ವಿಎಫ್‌ಎಸ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ 0,0.

ಲ್ಯಾಪ್‌ಟಾಪ್ ಹೋದರೆ ಹೋಗಲಿ. ಅಪ್ಪ ದಿನಾ ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿ ಹೇಳುತ್ತಾರೆ, ನಾನು ಬರೆಯುತ್ತೇನೆ. 2016ರಿಂದ ಈಚಿನ ಲೆಕ್ಕ ಪೂರ್ತಿ ಒಂದೇ ಲಿಬ್ರೆಆಫೀಸ್ ಫೈಲಿನಲ್ಲಿದೆ. ಅದಕ್ಕಿಂತ ಹಿಂದಿನದು ಪುಸ್ತಕದಲ್ಲಿದೆ. ಈ ವರ್ಷ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಯಾವ ತೋಟಕ್ಕೆ ಯಾವ ದಿನ ಹೊಡೆದೆವು ಅನ್ನುವುದೂ ಅದರಲ್ಲೇ ಇದೆ. ಬೇರೆ ಕಡೆ ನಕಲು ಇಟ್ಟಿಲ್ಲ. ಏನು ಮಾಡಲಿ?

ಸಾಗರ_ಸೋಲ್ಡರ್ · 10.02

ಫಾರ್ಮ್ಯಾಟ್ ಮಾಡಿ ಹೊಸದಾಗಿ 24.04 ಹಾಕಿ. ಅರ್ಧ ಗಂಟೆ ಕೆಲಸ. ಅರ್ಧಂಬರ್ಧ ಆದದ್ದನ್ನು ರಿಪೇರಿ ಮಾಡುತ್ತಾ ಕೂತರೆ ಮುಂದೆ ಒಂದಲ್ಲ ಒಂದು ತೊಂದರೆ ಇದ್ದೇ ಇರುತ್ತದೆ.

ತುಮರಿ_ತೀರ · 10.09

ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ!! ಅವರು ಫೈಲ್ ಬೇಕು ಅಂತಲೇ ಬರೆದಿದ್ದಾರಲ್ಲ.

ನನಗೆ ಆದದ್ದು ಕೇಳಿ. ನಮ್ಮ ತುಮರಿಗೆ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆಗುವ ಮೊದಲಿನ ಮಾತು. ನನ್ನ ಲ್ಯಾಪ್‌ಟಾಪೂ ಒಂದು ಅಪ್‌ಡೇಟ್ ಆದ ಮೇಲೆ ಏಳಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಮಳೆಯಲ್ಲಿ ಲಾಂಚ್ ಕಾದು, ಹೊಳೆ ದಾಟಿ ಪೇಟೆಗೆ ಒಯ್ದೆ. ಅಂಗಡಿಯಲ್ಲಿ ಕೊಟ್ಟು, ಒಳಗೆ ಫೋಟೊ ಇದೆ ಅಂದೆ. ಅವರು ಕೇಳಿಸಿಕೊಂಡರೋ ಇಲ್ಲವೋ. ಸಂಜೆ ಕೊನೇ ಲಾಂಚಿಗೆ ಓಡುವ ಆತುರದಲ್ಲಿ ಅಲ್ಲೇ ತೆರೆದು ನೋಡಲಿಲ್ಲ. ಮನೆಗೆ ಬಂದು ನೋಡಿದರೆ ಎಲ್ಲ ಹೊಸದು, ಎಲ್ಲ ಖಾಲಿ. ಮಗಳ ನಾಮಕರಣದ ಫೋಟೊ ಒಂದೂ ಉಳಿಯಲಿಲ್ಲ. ಈಗ ಅವಳಿಗೆ ಒಂಬತ್ತು ವರ್ಷ, ತೋರಿಸು ಅನ್ನುತ್ತಾಳೆ.

2025ರ ಜುಲೈನಲ್ಲಿ ಸೇತುವೆ ಆಯಿತು, ಈಗ ಯಾವ ಹೊತ್ತಿಗಾದರೂ ಹೋಗಿ ಬರಬಹುದು. ಹೋದ ಫೋಟೊ ಮಾತ್ರ ಬರಲ್ಲ. ಮೊದಲು ಫೈಲ್ ಹೊರಗೆ ತೆಗೆಯಿರಿ. ಆಮೇಲೆ ಬೇರೆ ಮಾತು.

ಕೊಪ್ಪದ_ಕರ್ನಲ್ · 10.21

ತೋಟದವರೇ, ಹೆದರಬೇಡಿ. ನೀವು ಬರೆದ ಆ ಸಾಲು ನೋಡಿದರೆ ನಿಮ್ಮ ಫೈಲ್ ಹೋಗಿಲ್ಲ ಅಂತಲೇ ನನಗೆ ಅನಿಸುತ್ತದೆ.

ಕಂಪ್ಯೂಟರ್ ಏಳುವಾಗ ಮೊದಲು ಗ್ರಬ್ ಬರುತ್ತದೆ. ಅದು ಎರಡು ಫೈಲ್ ಎತ್ತಿಕೊಳ್ಳಬೇಕು. ಒಂದು ಕರ್ನಲ್, ಅಂದರೆ ಉಬುಂಟುವಿನ ತಿರುಳು. ಇನ್ನೊಂದು ಇನಿಟ್‌ಆರ್‌ಡಿ ಅನ್ನುವ ಚಿಕ್ಕ ಗಂಟು. ಡಿಸ್ಕ್ ತೆರೆಯಲು ಬೇಕಾದ ಡ್ರೈವರ್‌ಗಳು ಆ ಗಂಟಿನಲ್ಲಿ ಇರುತ್ತವೆ. ಕರ್ನಲ್ ಬಂತು, ಗಂಟು ಬರಲಿಲ್ಲ ಅಂದರೆ ಮನೆ ಅಂಗಳದವರೆಗೆ ಬಂದು ಬೀಗದ ಕೈ ಇಲ್ಲದೆ ನಿಂತ ಹಾಗೆ. ಅನ್‌ನೋನ್ ಬ್ಲಾಕ್ 0,0 ಅಂದರೆ ಸಾಮಾನ್ಯವಾಗಿ ಇದೇ. ಹೊಸ ಕರ್ನಲ್ ಬಿಚ್ಚಿಟ್ಟಾಗಿದೆ, ಅದರ ಗಂಟು ಕಟ್ಟುವ ಮೊದಲೇ ಕರೆಂಟ್ ಹೋಗಿದೆ. ಮನೆಯೊಳಗಿನ ಸಾಮಾನು ಇದ್ದಲ್ಲೇ ಇರುತ್ತದೆ.

ಮೂರು ಪ್ರಶ್ನೆ. ಆನ್ ಮಾಡಿದಾಗ ಗ್ರಬ್ ಪಟ್ಟಿ ಕಾಣುತ್ತದಾ? ಕಾಣದಿದ್ದರೆ ಕಂಪನಿ ಲೋಗೊ ಬಂದ ಕೂಡಲೇ ಎಸ್ಕೇಪ್ ಒಂದೇ ಸಲ ಒತ್ತಿ. ತೀರಾ ಹಳೇ ಬಯೋಸ್ ಆದರೆ ಶಿಫ್ಟ್ ಹಿಡಿದಿರಿ. ಅದರಲ್ಲಿ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಎಷ್ಟು ಕರ್ನಲ್ ಇವೆ? ಡಿಸ್ಕಿಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿದ್ದೀರಾ?

ಭದ್ರಾವತಿ_ಬೈಟ್ · 10.26

ಕರೆಂಟ್ ಅಲ್ಲ ಸ್ವಾಮಿ, ಸ್ಲ್ಯಾಶ್ ಬೂಟ್ (/ಬೂಟ್), ಅಂದರೆ ಕರ್ನಲ್ ಇಡುವ ಫೋಲ್ಡರ್ ತುಂಬಿರುತ್ತದೆ. ನನಗೆ ಎರಡು ಸಲ ಆಗಿದೆ. ಹಳೇ ಕರ್ನಲ್‌ಗಳು ಗುಡ್ಡೆ ಬಿದ್ದು ಹೊಸ ಇನಿಟ್‌ಆರ್‌ಡಿಗೆ ಜಾಗವೇ ಇರಲ್ಲ. ಬೇಕಾದರೆ ಬರೆದು ಕೊಡುತ್ತೇನೆ.

ಕೊಪ್ಪದ_ಕರ್ನಲ್ · 10.31

ಬೂಟ್‌ಗೆ ಡಿಸ್ಕಿನಲ್ಲಿ ಬೇರೆ ಭಾಗ (ಪಾರ್ಟಿಷನ್) ಮಾಡಿದ್ದರೆ ನಿಮ್ಮ ಮಾತು ನಿಜ. ಎನ್‌ಕ್ರಿಪ್ಟ್ ಮಾಡಿದವರಿಗೆ ಅದು ಬೇರೆಯೇ ಇರುತ್ತದೆ. ಸಾಮಾನ್ಯ ಇನ್‌ಸ್ಟಾಲ್‌ನಲ್ಲಿ ಬೇರೆ ಇರುವುದಿಲ್ಲ. ಅದಕ್ಕೇ ಕೇಳಿದ್ದು.

ನಗರದ_ತೋಟ · 10.48

ಎಸ್ಕೇಪ್ ನಾಲ್ಕೈದು ಸಲ ಒತ್ತಿದೆ, ಬರೀ ಗ್ರಬ್ ಅಂತ ಒಂದು ಸಾಲು ಬಂದು ಕೂತಿದೆ. ಕೆಟ್ಟಿತಾ?

ಕೊಪ್ಪದ_ಕರ್ನಲ್ · 10.50

ಇಲ್ಲ. ಜಾಸ್ತಿ ಸಲ ಒತ್ತಿದರೆ ಹಾಗಾಗುತ್ತದೆ. ಅಲ್ಲೇ ನಾರ್ಮಲ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಬರದಿದ್ದರೆ ಆಫ್ ಮಾಡಿ ಮತ್ತೆ ಶುರು ಮಾಡಿ, ಒಂದೇ ಸಲ ಒತ್ತಿ.

ನಗರದ_ತೋಟ · 11.05

ಬಂತು. ಎರಡು ಕರ್ನಲ್ ಇವೆ. 6.8 ಒಂದು, 5.15 ಒಂದು. ಎರಡಕ್ಕೂ ಕೆಳಗೆ ರಿಕವರಿ ಮೋಡ್ ಅಂತ ಇದೆ. ಡಿಸ್ಕಿಗೆ ಪಾಸ್‌ವರ್ಡ್ ಇಲ್ಲ. 5.15 ಒತ್ತಿ ನೋಡಿದೆ, ಉಬುಂಟು ಲೋಗೊವರೆಗೆ ಬಂದು ನಿಂತಿತು. ಈಗ ಇಲ್ಲಿ ಮತ್ತೆ ಕರೆಂಟ್ ಹೋಯಿತು. ನಾಳೆ ಮುಂದುವರಿಸುತ್ತೇನೆ.

ಭದ್ರಾವತಿ_ಬೈಟ್ · 11.12

ಹಾಗಾದರೆ ನನ್ನ ಲೆಕ್ಕ ತಪ್ಪು. ಬೂಟ್ ಬೇರೆ ಇರಲಾರದು. ವಾಪಸ್ ತೆಗೆದುಕೊಂಡೆ.

ಶಿಕಾರಿಪುರ_ಮೇಷ್ಟ್ರು · ಶನಿವಾರ ಬೆಳಿಗ್ಗೆ 6.40

ನನ್ನದು ವಿಂಡೋಸ್ 11. ಅಪ್‌ಡೇಟ್ ಆದ ಮೇಲೆ ನೀಲಿ ಪರದೆಯಲ್ಲಿ ಬಿಟ್‌ಲಾಕರ್ ಅನ್ನುವ ಡಿಸ್ಕ್ ಬೀಗದ ಕೀ ಕೇಳುತ್ತಿದೆ. ನಾನು ಯಾವ ಕೀಯನ್ನೂ ಇಟ್ಟವನಲ್ಲ. ಇದಕ್ಕೂ ಇಲ್ಲೇ ಉತ್ತರ ಸಿಗಬಹುದಾ?

ತೀರ್ಥಹಳ್ಳಿ_ಟಕ್ಸ್ · 6.58

ಸಿಗುತ್ತದೆ ಮೇಷ್ಟ್ರೇ. ಅದು 48 ಅಂಕಿಯ ಕೀ. ನೀವು ಇಟ್ಟುಕೊಳ್ಳದಿದ್ದರೂ, ಲ್ಯಾಪ್‌ಟಾಪ್ ಶುರು ಮಾಡುವಾಗ ಮೈಕ್ರೋಸಾಫ್ಟ್ ಖಾತೆ ಹಾಕಿದ್ದರೆ ಸಾಮಾನ್ಯವಾಗಿ ಆ ಖಾತೆಯಲ್ಲೇ ಕೂತಿರುತ್ತದೆ. ಮೊಬೈಲ್‌ನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಭಾಗದಲ್ಲಿ ರಿಕವರಿ ಕೀ ನೋಡಿ. ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆ ಹಾಕಿ. ಸಿಕ್ಕಿದ ಮೇಲೆ ಕಾಗದದಲ್ಲಿ ಬರೆದು ದೇವರ ಮನೆಯಲ್ಲಿ ಇಡಿ, ಅದೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಡಬೇಡಿ.

ಶಿಕಾರಿಪುರ_ಮೇಷ್ಟ್ರು · 7.30

ಸಿಕ್ಕಿತು!! ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ ಒಳಗಿತ್ತು. ನಿಮಗೆ ಪುಣ್ಯ ಬರಲಿ.

ಕಾರ್ಗಲ್_ಕರೆಂಟು · 8.15

ಈ ಕರೆಂಟಿನ ಮಾತು ಬಂದಾಗ ನನಗೆ ಸುಮ್ನೆ ಇರಲು ಆಗಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮುಳುಗಿದ್ದು ನಮ್ಮವರ ಗದ್ದೆ, ತೋಟ. ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವಾಟ್. ಊರೂರಿಗೆ ದೀಪ ಹೊತ್ತಿಸಿದ ನೀರು ನಮ್ಮದು. ಪುನರ್ವಸು ಮಳೆ ಶುರುವಾದರೆ ನಮ್ಮ ಮನೆಯಲ್ಲೇ ಚಿಮಣಿ ದೀಪ.

ಕಂಬದ_ಮೇಲಿನವ · 8.40

ನಾನು ಲೈನ್ ಕೆಲಸದವನು. ನಿಮ್ಮ ನೋವು ನನಗೂ ಗೊತ್ತು, ನಮ್ಮ ಅಜ್ಜನ ಮನೆಯೂ ಮುಳುಗಿದ್ದೇ. ಆದರೆ ಇಲ್ಲಿ ಕರೆಂಟ್ ಹೋಗುವುದು ನೀರು ಕಡಿಮೆಯಾಗಿ ಅಲ್ಲ. ಲೈನ್ ಕಾಡಿನ ಮಧ್ಯೆ ಹೋಗುತ್ತದೆ, ಮರ ಬೀಳುತ್ತದೆ, ಕಂಬ ಮುರಿಯುತ್ತದೆ. ನಿನ್ನೆ ಒಂದೇ ದಿನ ನಾವು ನಾಲ್ಕು ಜನ ಉಂಬಳ ಕಚ್ಚಿಸಿಕೊಂಡು ಆರು ಕಡೆ ಮರ ಕಡಿದೆವು. ಅದರಲ್ಲಿ ಒಂದು ದೊಡ್ಡ ಧೂಪದ ಮರ.

ಕಾರ್ಗಲ್_ಕರೆಂಟು · 8.44

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲಪ್ಪ. ಮಳೆಯಲ್ಲಿ ಕಂಬ ಹತ್ತುವವರನ್ನು ಕಣ್ಣಾರೆ ಕಂಡಿದ್ದೇನೆ. ಜೋಪಾನ.

ತೀರ್ಥಹಳ್ಳಿ_ಟಕ್ಸ್ · 9.10

ಮೂಲ ವಿಷಯಕ್ಕೆ ಬರೋಣ. ತೋಟದವರೇ, ಲೈವ್ ಪೆನ್‌ಡ್ರೈವ್ ಮಾಡಿಕೊಳ್ಳಿ, ಡಿಸ್ಕ್ ಮುಟ್ಟದೆ ಅದರಿಂದಲೇ ಉಬುಂಟು ಏಳುತ್ತದೆ. 24.04ರ ಇನ್‌ಸ್ಟಾಲ್ ಫೈಲ್ (ಐಎಸ್‌ಒ) ಸುಮಾರು 6 ಜಿಬಿ ಬರುತ್ತದೆ, 8 ಜಿಬಿ ಪೆನ್‌ಡ್ರೈವ್ ಬೇಕು. ಬೇರೆ ಕಂಪ್ಯೂಟರ್ ಇಲ್ಲದಿದ್ದರೆ ಎಚ್‌ಡ್ರಾಯ್ಡ್ ಅನ್ನುವ ಆ್ಯಪ್‌ನಿಂದ ಆಂಡ್ರಾಯ್ಡ್ ಫೋನಿನಲ್ಲೇ ಬರೆಯಬಹುದು, ಫೋನಿಗೆ ಪೆನ್‌ಡ್ರೈವ್ ಜೋಡಿಸುವ ಒಟಿಜಿ ಕೇಬಲ್ ಇದ್ದರೆ ಸಾಕು. ಟ್ರೈ ಉಬುಂಟು ಅಂತ ಒಳಗೆ ಹೋಗಿ ಫೈಲ್ ಕಾಪಿ ಮಾಡಿ.

ನಗರದ_ತೋಟ · 9.35

6 ಜಿಬಿ ನಮ್ಮಲ್ಲಿ ಇಳಿಯಲು ವಾರ ಬೇಕು. ಸಿಗ್ನಲ್ ಸಿಗುವುದು ಹಿಂದಿನ ಗುಡ್ಡದ ತುದಿಯಲ್ಲಿ. ಈ ಮಳೆಯಲ್ಲಿ ಅಲ್ಲಿ ಎಷ್ಟು ಹೊತ್ತು ನಿಲ್ಲಲು ಆಗುತ್ತದೆ ಹೇಳಿ. ಈಗಲೂ ಕಂಬಳಿ ಹೊದ್ದುಕೊಂಡು ಅಲ್ಲೇ ನಿಂತು ಬರೆಯುತ್ತಿದ್ದೇನೆ. 16 ಜಿಬಿಯ ಖಾಲಿ ಪೆನ್‌ಡ್ರೈವ್ ಒಂದಿದೆ.

ಕೊಪ್ಪದ_ಕರ್ನಲ್ · 9.52

ಖಾಲಿ ಪೆನ್‌ಡ್ರೈವ್ ಸಾಕು. ಲೈವ್ ಬೇಡ. ಇದನ್ನು ಪೂರ್ತಿ ಓದಿಕೊಂಡು ಸ್ಕ್ರೀನ್‌ಶಾಟ್ ತೆಗೆದುಕೊಂಡು ಮನೆಗೆ ಇಳಿಯಿರಿ.

ಗ್ರಬ್‌ನಲ್ಲಿ 5.15ರ ರಿಕವರಿ ಮೋಡ್ ಆರಿಸಿ. 6.8 ಮುಟ್ಟಬೇಡಿ. ಒಂದು ಪಟ್ಟಿ ಬರುತ್ತದೆ, ಅದರಲ್ಲಿ ರೂಟ್ ಅಂತ ಇರುವುದಕ್ಕೆ ಹೋಗಿ ಎಂಟರ್ ಒತ್ತಿ. ಈ ಹೊತ್ತಿನಲ್ಲಿ ನಿಮ್ಮ ಡಿಸ್ಕ್ ಬರೀ ಓದುವ ಸ್ಥಿತಿಯಲ್ಲಿರುತ್ತದೆ. ಇದು ನಮಗೆ ಒಳ್ಳೆಯದೇ, ಕೈ ತಪ್ಪಿದರೂ ಏನೂ ಅಳಿಯಲ್ಲ.

ಪೆನ್‌ಡ್ರೈವ್ ಚುಚ್ಚಿ. ಎಲ್‌ಎಸ್‌ಬಿಎಲ್‌ಕೆ ಅಂತ ಟೈಪ್ ಮಾಡಿ. 16 ಜಿಬಿ ಹತ್ತಿರ ಇರುವ ಸಾಲೇ ನಿಮ್ಮ ಪೆನ್‌ಡ್ರೈವ್, ಬಹುಶಃ ಎಸ್‌ಡಿಬಿ1. ಆಮೇಲೆ: ಮೌಂಟ್, ಸ್ಪೇಸ್, /ಡೆವ್/ಎಸ್‌ಡಿಬಿ1, ಸ್ಪೇಸ್, /ಎಂಎನ್‌ಟಿ. ಆಮೇಲೆ: ಸಿಪಿ, ಸ್ಪೇಸ್, -ಆರ್, ಸ್ಪೇಸ್, /ಹೋಮ್/ನಿಮ್ಮ ಹೆಸರು/ಡಾಕ್ಯುಮೆಂಟ್ಸ್, ಸ್ಪೇಸ್, /ಎಂಎನ್‌ಟಿ. ಡಾಕ್ಯುಮೆಂಟ್ಸ್‌ನ ಮೊದಲ ಅಕ್ಷರ ದೊಡ್ಡದು, ಲಿನಕ್ಸ್‌ಗೆ ಅದು ಮುಖ್ಯ. ಮುಗಿದ ಮೇಲೆ ಯುಮೌಂಟ್ /ಎಂಎನ್‌ಟಿ ಕೊಟ್ಟು, ಅದು ಮುಗಿಯುವವರೆಗೆ ಕಾದು ತೆಗೆಯಿರಿ. ಯು ಮತ್ತು ಎಮ್ ನಡುವೆ ಎನ್ ಇಲ್ಲ, ಎಲ್ಲರೂ ಅಲ್ಲಿ ತಪ್ಪುತ್ತಾರೆ.

ಪೆನ್‌ಡ್ರೈವನ್ನು ಫೋನಿಗೆ ಹಾಕಿ ಫೈಲ್ ತೆರೆಯುತ್ತದಾ ನೋಡಿ. ನೋಡಿದ ಮೇಲೆ ಮಾತ್ರ ಮುಂದಿನ ಕೆಲಸ.

ಸಾಗರ_ಸೋಲ್ಡರ್ · 10.05

ಇದು ಸರಿ. ಫೈಲ್ ಹೊರಗೆ ಬಂದ ಮೇಲೆ ಫಾರ್ಮ್ಯಾಟ್ ಮಾಡಿದರೆ ತಪ್ಪೇನಿಲ್ಲ ಅಂತಲೇ ನನ್ನ ಅಭಿಪ್ರಾಯ. ಮೊದಲ ಉತ್ತರ ಆತುರದಲ್ಲಿ ಬರೆದೆ, ತುಮರಿಯವರು ಬೇಸರ ಮಾಡಬೇಡಿ.

ತುಮರಿ_ತೀರ · 10.20

ಬೇಸರ ಇಲ್ಲ. ಬೇರೆಯವರಿಗೆ ಹಾಗೆ ಆಗದಿದ್ದರೆ ಸಾಕು.

ನಗರದ_ತೋಟ · ಮಧ್ಯಾಹ್ನ 1.15

ಸಿಕ್ಕಿತು. ಎಲ್ಲ ಸಿಕ್ಕಿತು. ಫೋನಿನಲ್ಲಿ ತೆರೆದು ಅಪ್ಪನಿಗೆ ತೋರಿಸಿದೆ. 2016ರ ಜೂನ್‌ನಿಂದ ಒಂದೊಂದೇ ಸಾಲು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಊಟಕ್ಕೆ ಕರೆದರೂ ಏಳಲಿಲ್ಲ.

ಇನ್ನು ಲ್ಯಾಪ್‌ಟಾಪ್ ಏಳಿಸಲು ಆಗುತ್ತದಾ? ಕರೆಂಟ್ ಬಂದಿದೆ, ಇನ್ವರ್ಟರ್ ಚಾರ್ಜ್ ಆಗುತ್ತಿದೆ.

ತೀರ್ಥಹಳ್ಳಿ_ಟಕ್ಸ್ · 1.32

ಆಗುತ್ತದೆ. ಅದೇ ರೂಟ್ ಜಾಗಕ್ಕೆ ಹೋಗಿ. ಮೊದಲು ಡಿಸ್ಕ್ ಬರೆಯುವ ಸ್ಥಿತಿಗೆ ತನ್ನಿ: ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು / . ಆಮೇಲೆ ಡಿಪಿಕೆಜಿ --ಕಾನ್ಫಿಗರ್ -ಎ . ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಅದು ಒಂದೊಂದಾಗಿ ಮುಗಿಸುತ್ತದೆ. ಆಮೇಲೆ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್ . ಕೊನೆಗೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್ , ಅಪ್‌ಡೇಟ್-ಗ್ರಬ್ .

ಒಂದು ಒಳ್ಳೆಯ ಸಂಗತಿ. ಈ ಅಪ್‌ಗ್ರೇಡ್ ಮೊದಲು ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡು ಆಮೇಲೆ ಇನ್‌ಸ್ಟಾಲ್ ಶುರು ಮಾಡುತ್ತದೆ. ಹಾಗಾಗಿ ಬೇಕಾದ ಫೈಲ್‌ಗಳು ನಿಮ್ಮ ಡಿಸ್ಕಿನಲ್ಲೇ ಇವೆ, /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಒಳಗೆ. ಗುಡ್ಡ ಹತ್ತಬೇಕಾಗಿಲ್ಲ.

ಕೊಪ್ಪದ_ಕರ್ನಲ್ · 1.40

ಒಂದು ತಿದ್ದುಪಡಿ. -ಯು ಅಂದರೆ ಇರುವ ಗಂಟನ್ನು ಹೊಸದು ಮಾಡುವುದು. ಇಲ್ಲಿ 6.8ಕ್ಕೆ ಗಂಟೇ ಇಲ್ಲ. -ಸಿ ಕೊಟ್ಟು, -ಕೆ ಮುಂದೆ 6.8ರ ಪೂರ್ತಿ ಹೆಸರು ಕೊಡಿ. ಡಿಪಿಕೆಜಿ ಸರಿಯಾಗಿ ಮುಗಿದರೆ ಅದೇ ಕಟ್ಟಿಕೊಳ್ಳುತ್ತದೆ, ಆಗ ಇದು ಬೇಕಾಗಲ್ಲ. ಎಲ್‌ಎಸ್ /ಬೂಟ್ ಕೊಟ್ಟು ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು. ಮಧ್ಯೆ ಯಾವುದಾದರೂ ಸೆಟ್ಟಿಂಗ್ ಫೈಲ್ ಹೊಸದು ಬೇಕಾ ಹಳೆಯದು ಬೇಕಾ ಅಂತ ಕೇಳಿದರೆ ಸುಮ್ನೆ ಎಂಟರ್ ಒತ್ತಿ. ಹಳೆಯದು ಉಳಿಯುತ್ತದೆ.

ನಗರದ_ತೋಟ · 3.20

/ಬೂಟ್ ನೋಡಿದೆ. ನೀವು ಹೇಳಿದ್ದು ಹಾಗೇ ಇದೆ. 6.8ಕ್ಕೆ ವಿಎಂಲಿನಝ್ ಇದೆ, ಇನಿಟ್‌ಆರ್‌ಡಿ ಇಲ್ಲ. 5.15ಕ್ಕೆ ಎರಡೂ ಇವೆ.

ಡಿಪಿಕೆಜಿ ಶುರು ಮಾಡಿದ ಕೂಡಲೇ ನಿಂತಿತು. ಫಾಂಟ್ಸ್-ಗುಬ್ಬಿ ಅನ್ನುವುದರ ಫೈಲ್ಸ್ ಲಿಸ್ಟ್‌ನಲ್ಲಿ ಫೈನಲ್ ನ್ಯೂಲೈನ್ ಮಿಸ್ಸಿಂಗ್ ಅನ್ನುತ್ತಿದೆ.

ಭದ್ರಾವತಿ_ಬೈಟ್ · 3.31

ಇದು ನನಗೆ ಗೊತ್ತು! ಇದೂ ಕರೆಂಟ್ ಹೋದದ್ದರ ಗುರುತೇ. ಆ ಹೊತ್ತಿನಲ್ಲಿ ಬರೆಯುತ್ತಿದ್ದ ಪಟ್ಟಿ ಅರ್ಧಕ್ಕೆ ತುಂಡಾಗಿದೆ. ಒಂದು ಪಟ್ಟಿ ಕೆಟ್ಟರೂ ಡಿಪಿಕೆಜಿ ಮುಂದೆ ಹೋಗಲ್ಲ. ಆ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ: ಎಂವಿ, ಸ್ಪೇಸ್, /ವಾರ್/ಲಿಬ್/ಡಿಪಿಕೆಜಿ/ಇನ್‌ಫೋ/ಫಾಂಟ್ಸ್-ಗುಬ್ಬಿ.ಲಿಸ್ಟ್, ಸ್ಪೇಸ್, /ರೂಟ್/ . ಅಳಿಸಬೇಡಿ, ಸರಿಸಿ ಸಾಕು. ಮತ್ತೆ ಡಿಪಿಕೆಜಿ ಕೊಡಿ. ಪಟ್ಟಿ ಕಾಣುತ್ತಿಲ್ಲ ಅಂತ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಆ ಒಂದು ಪ್ಯಾಕೇಜನ್ನು ರಿ-ಇನ್‌ಸ್ಟಾಲ್ ಮಾಡಿದರೆ ಆಯಿತು.

ಕೊಪ್ಪದ_ಕರ್ನಲ್ · 3.34

ಬೈಟ್ ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ಕಳಸದ_ಮೆಣಸು · 4.05

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಔಷಧಿ ಲೆಕ್ಕ ಇಡುತ್ತೀರಿ ಅಂದಿರಲ್ಲ, ಎರಡನೇ ಸುತ್ತು ಎಷ್ಟು ದಿನಕ್ಕೆ ಹೊಡೆಯುತ್ತೀರಿ? ನಮ್ಮಲ್ಲಿ ಮೊದಲನೆಯದು ಮಳೆ ಹಿಡಿಯುವ ಮುಂಚೆ ಆಯಿತು. ಈಗ ಬಿಸಿಲೇ ಇಲ್ಲ. ಶೇಕಡಾ ಒಂದರ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ. ಅದೇ ಅಲ್ವಾ ನೀವೂ?

ನಗರದ_ತೋಟ · ಸಂಜೆ 6.10

ಅದೇ ಅಳತೆ. ನಾವು 40ರಿಂದ 45 ದಿನಕ್ಕೆ ಎರಡನೆಯದು ಹೊಡೆಯುತ್ತೇವೆ. ಗೊನೆ ಒಣಗಿರಬೇಕು, ಹೊಡೆದ ಮೇಲೂ ಸ್ವಲ್ಪ ಹೊಳವು, ಅಂದರೆ ಮಳೆ ಬಿಡುವು ಬೇಕು. ಫೈಲ್ ನೋಡಿದ ಮೇಲೆ ಗೊತ್ತಾಯಿತು, ಕೆಳಗಿನ ತೋಟಕ್ಕೆ ಈಗಾಗಲೇ 41 ದಿನ. ನಾನು ಇನ್ನೂ ಒಂದು ವಾರ ಇದೆ ಅಂದುಕೊಂಡಿದ್ದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರಿಗೆ ಫೋನ್ ಮಾಡಿ ಹೇಳಿದ್ದೇನೆ, ಹೊಳವಾದ ದಿನ ಬರುತ್ತಾರೆ.

ಲ್ಯಾಪ್‌ಟಾಪ್ ವಿಷಯ. ಡಿಪಿಕೆಜಿ ಸುಮಾರು ಮುಕ್ಕಾಲು ಗಂಟೆ ಓಡಿತು. ಎರಡು ಸಲ ಪ್ರಶ್ನೆ ಕೇಳಿತು, ಎಂಟರ್ ಒತ್ತಿದೆ. ಫಿಕ್ಸ್-ಬ್ರೋಕನ್ ಕೂಡ ಮುಗಿಯಿತು, ನೆಟ್ ಬೇಕಾಗಲಿಲ್ಲ. /ಬೂಟ್‌ನಲ್ಲಿ 6.8ರ ಇನಿಟ್‌ಆರ್‌ಡಿ ತಾನೇ ಬಂದಿತ್ತು. ರಿಬೂಟ್ ಕೊಟ್ಟೆ.

ಎದ್ದಿದೆ! 24.04 ಅಂತಲೇ ತೋರಿಸುತ್ತಿದೆ. ಬೈಟ್ ಅವರು ಹೇಳಿದ ಹಾಗೆ ಗುಬ್ಬಿ ಫಾಂಟ್ ಮಾತ್ರ ಬಾಕಿ, ಫೈಲಿನಲ್ಲಿ ಕನ್ನಡ ಅಕ್ಷರ ಬೇರೆ ಥರ ಕಾಣುತ್ತಿದೆ, ಓದಲು ತೊಂದರೆ ಇಲ್ಲ.

ತೀರ್ಥಹಳ್ಳಿ_ಟಕ್ಸ್ · 6.18

ತುಂಬಾ ಸಂತೋಷ ಆಯಿತು. ಫೋನಿಗೆ ಸಿಗ್ನಲ್ ಇರುವಾಗ ಯುಎಸ್‌ಬಿ ಟೆದರಿಂಗ್ ಮಾಡಿ (ಕೇಬಲ್‌ನಲ್ಲಿ ಫೋನಿನ ನೆಟ್ ಲ್ಯಾಪ್‌ಟಾಪಿಗೆ ಕೊಟ್ಟು) ಸುಡೋ ಆಪ್ಟ್ ಇನ್‌ಸ್ಟಾಲ್ --ರಿಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ ಕೊಡಿ. ಚಿಕ್ಕ ಪ್ಯಾಕೇಜು, ಬೇಗ ಇಳಿಯುತ್ತದೆ. ಆಮೇಲೆ ಆಪ್ಟ್ ಫುಲ್-ಅಪ್‌ಗ್ರೇಡ್ ಒಂದು ಸಲ. 5.15 ಕರ್ನಲ್ ಒಂದೆರಡು ವಾರ ಹಾಗೇ ಇರಲಿ, ನಿಮ್ಮನ್ನು ಉಳಿಸಿದ್ದು ಅದೇ.

ಸಾಗರ_ಸೋಲ್ಡರ್ · 6.30

ನಾನು ಆಗಲ್ಲ ಅಂದುಕೊಂಡಿದ್ದೆ, ಆಯಿತು. ಒಪ್ಪಿಕೊಂಡೆ. ಆ ಲ್ಯಾಪ್‌ಟಾಪ್ ಬ್ಯಾಟರಿ ಬದಲಾಯಿಸಿ ಮಾರಾಯರೆ. ಮಾಡೆಲ್ ನಂಬರ್ ಕಳಿಸಿ, ನನ್ನ ಹತ್ತಿರ ಒಂದೆರಡು ಹಳೇ ಮಾಡೆಲ್‌ನವು ಇವೆ, ಹೊಂದಿದರೆ ಬಸ್ಸಿಗೆ ಹಾಕಿ ಕಳಿಸುತ್ತೇನೆ. ದುಡ್ಡು ಬೇಡ.

ಕಾರ್ಗಲ್_ಕರೆಂಟು · 6.41

ಇನ್ನು ಮೇಲೆ ದೊಡ್ಡ ಅಪ್‌ಗ್ರೇಡ್ ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. 22.04ಕ್ಕೆ ಐದು ವರ್ಷ ಸಪೋರ್ಟ್ ಇತ್ತಲ್ಲ, ಆಷಾಢದಲ್ಲೇ ಆಗಬೇಕಾಗಿರಲಿಲ್ಲ.

ನಗರದ_ತೋಟ · ಭಾನುವಾರ ಬೆಳಿಗ್ಗೆ 9.05

ಸೋಲ್ಡರ್ ಅವರೇ, ನಂಬರ್ ಕಳಿಸಿದ್ದೇನೆ. ಫಾಂಟ್ ಸರಿಯಾಯಿತು. ಫೈಲಿನ ಒಂದು ನಕಲು ಪೆನ್‌ಡ್ರೈವ್‌ನಲ್ಲಿ, ಒಂದು ಫೋನಿನಲ್ಲಿ, ಒಂದು ಬೆಂಗಳೂರಿನಲ್ಲಿರುವ ತಂಗಿಗೆ ಕಳಿಸಿದ್ದೇನೆ. ಕೊಪ್ಪದವರಿಗೂ ಟಕ್ಸ್, ಬೈಟ್ ಅವರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಈ ಕಡೆ ಬಂದರೆ ಮನೆಗೆ ಬನ್ನಿ, ತೊಡೆದೇವು ಮಾಡಿಸುತ್ತೇನೆ.

ಲ್ಯಾಪ್‌ಟಾಪ್ ಇಲ್ಲದ ದಿನಗಳ ಮಳೆಯನ್ನು ಅಪ್ಪ ಕ್ಯಾಲೆಂಡರ್ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದರು. ಈಗ ಹಾಕಿದೆ. ಶುಕ್ರವಾರ 138 ಮಿ.ಮೀ., ಶನಿವಾರ 161, ಇವತ್ತು 94.

ತೀರ್ಥಹಳ್ಳಿ_ಟಕ್ಸ್ · 9.12

ನಮ್ಮಲ್ಲಿ ಇವತ್ತು 71. ಆಗುಂಬೆ ಕಡೆಯವರು ಯಾರಾದರೂ ಇದ್ದೀರಾ, ಎಷ್ಟು ಬಂತು?